ಅಣ್ಣನ ಆಕಾಶಕ್ಕೆ ಹೊಸಬಳಾಗಿ ಹೋದದ್ದು

ಅಣ್ಣ ಮೆಣಸಿನ ಬಳ್ಳಿ ಹಬ್ಬಿಸಿದ ಮರದಿಂದ ಬಿದ್ದ ಮೂರನೆಯ ವರ್ಷ, ಅವನಿಗೆ ಗೊತ್ತಾಗದ ಹಾಗೆ, ಅವನು ಆಡುತ್ತಿದ್ದ ಕಂಪ್ಯೂಟರ್ ಆಟಕ್ಕೆ ನಾನೂ ಸೇರಿಕೊಂಡೆ. ಇದನ್ನು ಇದುವರೆಗೆ ಇಬ್ಬರಿಗೆ ಹೇಳಿದ್ದೇನೆ. ಇಬ್ಬರೂ ಮೊದಲು ನಕ್ಕರು. ಹಾಲಿನ ಸೊಸೈಟಿಯಲ್ಲಿ ಬೆಳಗ್ಗೆ ಸಂಜೆ ಹಾಲು ಅಳೆಯುವ ನಲವತ್ತು ದಾಟಿದ ಹೆಂಗಸು ನಕ್ಷತ್ರಗಳ ಮಧ್ಯೆ ಹಡಗು ಓಡಿಸುವುದೆಂದರೆ ನಗು ಬರುವುದು ಸಹಜವೇ.

ನಮ್ಮದು ಮುಳ್ಳನ್ಕೊಲ್ಲಿಯಿಂದ ಹೊಳೆಯ ಕಡೆಗೆ ಇಳಿಯುವ ದಾರಿಯಲ್ಲಿರುವ ತೋಟ. ಹೊಳೆ ದಾಟಿದರೆ ಕರ್ನಾಟಕ. ಅಜ್ಜ ಗುಂಡ್ಲುಪೇಟೆ ಕಡೆಯಿಂದ ಬಂದು ಇಲ್ಲಿ ನೆಲೆನಿಂತವರು. ಮನೆಯೊಳಗೆ ಕನ್ನಡ, ಗೇಟು ದಾಟಿದರೆ ಮಲಯಾಳ. ಮೇಲಿನ ಮನೆಯಲ್ಲಿ ಅವ್ವ ಮತ್ತು ಅಣ್ಣ, ನೂರು ಹೆಜ್ಜೆ ಕೆಳಗೆ ಅದೇ ತೋಟದ ತುದಿಯಲ್ಲಿ ನಾನು. ನನ್ನ ಗಂಡ ಬತ್ತೇರಿಯಿಂದ ಮೈಸೂರಿಗೆ ಹೋಗುವ ಬಸ್ಸಿನಲ್ಲಿ ಕಂಡಕ್ಟರ್, ಮಗಳು ಹಾಸ್ಟೆಲ್ಲಿನಲ್ಲಿ. ಹಗಲಲ್ಲಿ ಮನೆಯಲ್ಲಿ ನಾನೊಬ್ಬಳೇ.

ಅಣ್ಣ ನನಗಿಂತ ಎರಡು ವರ್ಷ ದೊಡ್ಡವನು, ಮದುವೆಯಾಗಲಿಲ್ಲ. ಮೆಣಸು ಬಿಡಿಸುವುದರಲ್ಲಿ ಅವನಷ್ಟು ಚುರುಕಾದವರು ನಮ್ಮ ಕಡೆ ಇರಲಿಲ್ಲ. ನಾವು ಬಳಸುವುದು ಒಂಟಿ ಬಿದಿರಿನ ಏಣಿ. ಒಂದೇ ಉದ್ದನೆಯ ಬಿದಿರು, ಗಿಣ್ಣು ಗಿಣ್ಣಿಗೆ ಕಾಲೂರುವಷ್ಟು ಜಾಗ. ಮೇಲೆ ಹತ್ತಿದವನು ಎಷ್ಟೇ ನಿಪುಣನಾಗಿರಲಿ, ಕೆಳಗೆ ಒಬ್ಬರು ಒತ್ತಿ ಹಿಡಿದಿರಲೇಬೇಕು. ಆ ದಿನ ಹಿಡಿದಿದ್ದವಳು ನಾನು. ಫೋನ್ ರಿಂಗಾಯಿತು. ಗಂಡ, ಬಸ್ಸು ನಿಂತಿದೆ ಅಂತ ಸುಮ್ಮನೆ ಮಾಡಿದ ಫೋನು. ಮರದ ಕೆಳಗೆ ಸಿಗ್ನಲ್ ಸರಿಯಾಗಿ ಸಿಗುತ್ತಿರಲಿಲ್ಲ. ಏಣಿ ಬಿಟ್ಟು ಕಾಫಿ ಗಿಡಗಳ ಆಚೆ ಹೋದೆ. ಏನೋ ಹೇಳಿದ, ನಾನು ನಕ್ಕೆ. ಹಿಂದೆ ಶಬ್ದವಾಯಿತು.

ಕೋಳಿಕ್ಕೋಡಿನ ಆಸ್ಪತ್ರೆಯ ವರಾಂಡದಲ್ಲಿ ಕೂತು, ಕೇಳಿದವರಿಗೆಲ್ಲ ನಾನು ಹೇಳಿದ್ದು ಬೇರೆ. ಅವ್ವ ಕಾಫಿಗೆ ಕೂಗಿದಳು, ತಗೊಂಡು ಬರೋಣ ಅಂತ ಹೋದೆ ಎಂದೆ. ಮೊದಲನೆಯವರಿಗೆ ಬಾಯಿತಪ್ಪಿ ಹೇಳಿದ್ದು, ಎರಡನೆಯವರಿಗೆ ಹೇಳುವಾಗ ಸಲೀಸಾಯಿತು. ಅವ್ವನಿಗೆ ತಾನು ಕೂಗಿದ್ದು ನೆನಪಿರಲಿಲ್ಲ. ಆದರೆ ದಿನಾ ಆ ಹೊತ್ತಿಗೆ ಕೂಗುವವಳೇ ಆದ್ದರಿಂದ ನಂಬಿಬಿಟ್ಟಳು. ಆಮೇಲೆ ಅವ್ವ ಯಾರನ್ನೂ ಗಟ್ಟಿಯಾಗಿ ಕೂಗಿ ಕರೆದದ್ದನ್ನು ನಾನು ಕೇಳಿಲ್ಲ. ಬೇಕಾದರೆ ನಡೆದು ಬಂದು ಹತ್ತಿರ ನಿಂತು ಹೇಳುತ್ತಿದ್ದಳು.

ಬೆನ್ನುಮೂಳೆಗೆ ಪೆಟ್ಟು ಬಿದ್ದಿತ್ತು. ಅಣ್ಣನ ಸೊಂಟದ ಕೆಳಗೆ ಬಲ ಮರಳಲಿಲ್ಲ. ವೀಲ್‌ಚೇರಿನಲ್ಲಿ ಮನೆಗೆ ಬಂದವನು ನನ್ನ ಜೊತೆ ಮಾತು ಕಡಿಮೆ ಮಾಡಿದ. "ಅಲ್ಲಿಡು", "ಸಾಕು", "ಬಾಗಿಲು ಎಳಕೊಂಡು ಹೋಗು". ದಿನಕ್ಕೆ ಇಂಥ ಐದಾರು ಮಾತು. ಮಧ್ಯಾಹ್ನದ ಊಟ ಒಯ್ದು ಕೊಡುವುದು ನನ್ನ ಪಾಲಿನ ಕೆಲಸ. ತಟ್ಟೆ ಇಟ್ಟು ಅಲ್ಲೇ ನಿಲ್ಲುತ್ತಿದ್ದೆ, ಕಣ್ಣು ತುಂಬುತ್ತಿತ್ತು, ಅವನು ಮುಖ ತಿರುಗಿಸುತ್ತಿದ್ದ.

ಅವನ ಕೋಣೆಗೆ ಕಂಪ್ಯೂಟರ್ ಬಂದದ್ದು ಎರಡನೆಯ ವರ್ಷ. ಒಂದು ದಿನ ಊಟ ತಗೊಂಡು ಹೋದಾಗ ಒಳಗಿಂದ ಅಣ್ಣ ನಗುವುದು ಕೇಳಿಸಿತು. ಬಾಗಿಲ ಹೊರಗೇ ನಿಂತೆ. ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ಯಾರಿಗೋ ಹೇಳುತ್ತಿದ್ದ: "ಗಾಬರಿ ಬೀಳಬೇಡಿ ಸಾರ್. ಮೊದಲನೇ ದಿನ ನಾನು ನಿಲ್ದಾಣದಿಂದ ಹೊರಗೆ ಬರೋ ಬಾಗಿಲು ಹುಡುಕೋಕೆ ಅರ್ಧ ಗಂಟೆ ತಗೊಂಡಿದ್ದೆ." ಆ ದನಿ ನನ್ನ ಹಳೇ ಅಣ್ಣನದು. ಅವನು ಬಿದ್ದಾಗಿನಿಂದ ನಾನು ಅದನ್ನು ಕೇಳಿರಲಿಲ್ಲ.

ಹೀಗೆಯೇ ಬಾಗಿಲ ಹೊರಗೆ ನಿಂತು ನಿಂತು ಆಟದ ಸಂಗತಿ ಸ್ವಲ್ಪ ಸ್ವಲ್ಪ ತಿಳಿಯಿತು. ಸಾವಿರಾರು ನಕ್ಷತ್ರಗಳಿರುವ ಒಂದು ಆಕಾಶ. ಜಗತ್ತಿನ ಎಲ್ಲೆಲ್ಲಿಂದಲೋ ಜನ ಒಂದೇ ಹೊತ್ತಿಗೆ ಅಲ್ಲಿ ಹಡಗು ಓಡಿಸುತ್ತಾರೆ, ತೇಲುವ ಬಂಡೆಗಳನ್ನು ಅಗೆಯುತ್ತಾರೆ, ಸಾಮಾನು ಸಾಗಿಸುತ್ತಾರೆ, ಹೊಂಚು ಹಾಕಿ ಒಬ್ಬರನ್ನೊಬ್ಬರು ಹೊಡೆಯುತ್ತಾರೆ. ಒಡೆದುಹೋದ ಹಡಗು ಮರಳಿ ಬರುವುದಿಲ್ಲ. ಆಟ ಎಷ್ಟು ಜಟಿಲವೆಂದರೆ ಸೇರಿದವರಲ್ಲಿ ಹೆಚ್ಚಿನವರು ಮೊದಲ ವಾರವೇ ಬಿಟ್ಟು ಹೋಗುತ್ತಾರಂತೆ. ಹಾಗೆ ಬಿಟ್ಟು ಹೋಗದಂತೆ ಕನ್ನಡದವರನ್ನು ಕೈಹಿಡಿದು ನಡೆಸಲು ಅಣ್ಣ ಒಂದು ಗುಂಪು ಕಟ್ಟಿದ್ದ. ಮೈಸೂರಿನವರು, ಹಾಸನದವರು, ದುಬೈಯಲ್ಲಿರುವವರು. ಅವರ್ಯಾರಿಗೂ ಅವನು ಕೂತಿರುವುದು ಎಂಥ ಕುರ್ಚಿಯಲ್ಲಿ ಎಂದು ಗೊತ್ತಿರಲಿಲ್ಲ.

ಮಗಳು ಬಿಟ್ಟುಹೋಗಿದ್ದ ಹಳೇ ಲ್ಯಾಪ್‌ಟಾಪಿಗೆ ಆಟ ಇಳಿಸಿಕೊಳ್ಳಲು ಎರಡು ದಿನ ಹಿಡಿಯಿತು. ಸುಳ್ಳು ಹೆಸರಿಟ್ಟುಕೊಂಡು ಗುಂಪಿನ ಚಾಟ್‌ಗೆ ಹೋದೆ. ಅವನು ಮಾತಾಡುತ್ತಿದ್ದ, ನಾನು ಟೈಪ್ ಮಾಡುತ್ತಿದ್ದೆ.

"ಬನ್ನಿ ಬನ್ನಿ. ಯಾವೂರು?"

"ಪನಮರಂ. ಬಟ್ಟೆ ಅಂಗಡಿಯಲ್ಲಿ ಕೆಲಸ."

"ಅಯ್ಯೋ, ನಮ್ಮ ಪಕ್ಕದವರು! ಪನಮರದಲ್ಲಿ ಕನ್ನಡದವರು ಇದ್ದಾರಾ ಮೇಡಂ? ಮೈಕ್ ಹಾಕಿ, ಮಾತಾಡಿ."

"ಮೈಕ್ ಕೆಟ್ಟಿದೆ."

"ಪರವಾಗಿಲ್ಲ. ಟೈಪ್ ಮಾಡಿ. ಕೇಳಿದ್ದನ್ನೇ ನೂರು ಸಲ ಕೇಳಿದರೂ ಇಲ್ಲಿ ಯಾರೂ ಬೈಯಲ್ಲ."

ನನ್ನ ಪರದೆಯ ಮೇಲೆ ಇಪ್ಪತ್ತು ಕಿಟಕಿ ತೆರೆದುಕೊಂಡು ಅಂಕಿಗಳು ಓಡುತ್ತಿದ್ದವು. ತಲೆ ಸುತ್ತಿತು, ಹಾಗೇ ಬರೆದೆ. "ಎಲ್ಲಾ ಮುಚ್ಚಿಬಿಡಿ, ಎರಡು ಉಳಿಸಿಕೊಳ್ಳಿ," ಎಂದ. "ಈ ನಕ್ಷತ್ರದಲ್ಲಿ ಈಗ ಯಾರ್ಯಾರು ಇದ್ದಾರೆ ಅನ್ನೋ ಪಟ್ಟಿ ಒಂದು. ನಿಮ್ಮ ಸುತ್ತ ಏನಿದೆ ಅನ್ನೋದು ಇನ್ನೊಂದು. ಈ ಎರಡನ್ನ ನೋಡೋಕೆ ಕಲಿತರೆ ಮಿಕ್ಕಿದ್ದು ತಾನಾಗಿ ಬರ್ತದೆ. ಇಡೀ ಆಟ ಅರ್ಥ ಮಾಡಿಕೊಳ್ಳೋಕೆ ಹೊರಡಬೇಡಿ, ನನಗೇ ಅರ್ಧ ಗೊತ್ತಿಲ್ಲ. ಒಂದು ಕೆಲಸ ಹಿಡೀರಿ. ಕಲ್ಲು ಅಗೀತೀರಾ?"

ಅಗೆದೆ. ಹಾಲು ಅಳೆದು ಬಂದು, ಅನ್ನಕ್ಕಿಟ್ಟು, ಹತ್ತರಿಂದ ಹನ್ನೆರಡೂವರೆವರೆಗೆ ಕೂರುತ್ತಿದ್ದೆ. ಗಾಳಿ ಮೇಲಿನಿಂದ ಬೀಸಿದರೆ ಅಣ್ಣನ ದನಿ ಎರಡು ಸಲ ಕೇಳುತ್ತಿತ್ತು, ಮೊದಲು ಕಿಟಕಿಯಿಂದ, ಒಂದು ಕ್ಷಣ ತಡವಾಗಿ ಲ್ಯಾಪ್‌ಟಾಪಿನಿಂದ. ಆಗ ಕಿಟಕಿ ಮುಚ್ಚುತ್ತಿದ್ದೆ.

ಒಂದು ವಾರ ಕಳೆದ ಮೇಲೆ ಅವನು ನನ್ನನ್ನು ಪೊಲೀಸರಿಲ್ಲದ ಒಂದು ನಕ್ಷತ್ರಕ್ಕೆ ಕರೆದುಕೊಂಡು ಹೋದ. ಹಡಗು ಕಳೆದುಕೊಳ್ಳಲಿಕ್ಕೇ ಹೋಗುತ್ತಿದ್ದೇವೆ ಎಂದು ಮೊದಲೇ ಹೇಳಿದ. "ಮೊದಲನೇ ಹಡಗು ಹೋದ ದಿನವೇ ಜನ ಆಟ ಬಿಡೋದು ಮೇಡಂ. ಅದಕ್ಕೆ ಸಣ್ಣ ಹಡಗಲ್ಲೇ, ಬೇಗ, ನಾನು ಜೊತೆಲಿರುವಾಗಲೇ ಕಳಕೊಂಡುಬಿಡಿ." ಅಲ್ಲಿ ಮೂವರು ಕಾದಿದ್ದರು. ಕೆಂಪು ದೀಪ ಮಿನುಗಿತು, ಬೆಂಕಿ ಕಂಡಿತು, ಅಷ್ಟೇ.

"ಹೋಯ್ತಾ?"

"ಹೋಯ್ತು."

"ಉಸಿರಾಡ್ತಿದ್ದೀರಲ್ಲ? ಇನ್ನೊಂದು ಹಡಗು ಕೊಡ್ತೀನಿ ಬನ್ನಿ," ಎಂದು ನಕ್ಕ. ನಾನು ಲ್ಯಾಪ್‌ಟಾಪಿನ ಮುಂದೆ ಕೂತು ಅತ್ತೆ. ಅವನಿಗೆ ಅದು ಕೇಳುವಂತಿರಲಿಲ್ಲ.

ಅವತ್ತೇ ಇನ್ನೊಂದು ಮಾತು ಹೇಳಿದ. "ಅಪರಿಚಿತರು ಪುಕ್ಕಟೆ ಕೊಟ್ಟದ್ದು ತಗೋಬೇಡಿ. ಈ ಆಟದಲ್ಲಿ ಬೇರೆ ಯಾರದೋ ಹೆಸರಲ್ಲಿ ಬಂದು, ತಿಂಗಳುಗಟ್ಟಲೆ ಸ್ನೇಹ ಮಾಡಿ, ಗುಂಪಿನ ಒಳಗುಟ್ಟೆಲ್ಲ ತಿಳಕೊಂಡು ಆಮೇಲೆ ಮುಳುಗಿಸೋರು ಇದ್ದಾರೆ. ನನ್ನನ್ನೂ ಪೂರ್ತಿ ನಂಬಬೇಡಿ."

"ಸರಿ ಸಾರ್," ಎಂದು ಟೈಪ್ ಮಾಡಿದೆ. ಎಷ್ಟೋ ಹೊತ್ತು ಆ ಎರಡು ಪದಗಳನ್ನೇ ನೋಡುತ್ತ ಕೂತಿದ್ದೆ.

ಜೂನ್ ಬಂತು. ಮಳೆ ಹಿಡಿದರೆ ನಮ್ಮಲ್ಲಿ ದಿನಕ್ಕೆ ಹತ್ತು ಸಲ ಕರೆಂಟ್ ಹೋಗುತ್ತದೆ. ಎರಡು ಮನೆಗೂ ಒಂದೇ ಲೈನು. ಅವನು ಆಟದಿಂದ ಮಾಯವಾದಾಗೆಲ್ಲ ನಾನೂ ಮಾಯವಾಗುತ್ತಿದ್ದೆ. ಲ್ಯಾಪ್‌ಟಾಪಿಗೆ ಬ್ಯಾಟರಿ ಇದ್ದರೂ ಇಂಟರ್ನೆಟ್ಟಿನ ಪೆಟ್ಟಿಗೆ ಆರಿಹೋಗುತ್ತಿತ್ತು. ಒಂದು ಸಲ ಕೇಳಿದ: "ಪನಮರದಲ್ಲೂ ಈಗಲೇ ಹೋಗಿತ್ತಾ?" "ಎಲ್ಲಾ ಕಡೆ ಮರ ಬಿದ್ದಿರಬೇಕು," ಎಂದೆ. ಸುಳ್ಳು ಹೇಳುವುದು ನನಗೆ ಎಷ್ಟು ಸುಲಭವಾಗಿ ಬರುತ್ತದೆಂದು ಆಗ ನನಗೇ ಹೆದರಿಕೆಯಾಯಿತು.

ಅಂಥ ಒಂದು ಮಳೆಯ ದಿನ, ಗುಂಪಿನಲ್ಲಿ ನಾವಿಬ್ಬರೇ ಇದ್ದೆವು. ಬಂಡೆ ಅಗೆಯುವಾಗ ಮಾಡಲು ಏನೂ ಕೆಲಸವಿರುವುದಿಲ್ಲ, ಕಾಯಬೇಕಷ್ಟೆ. ಅವನು ತಾನಾಗಿಯೇ ಶುರು ಮಾಡಿದ. "ನಾನು ಓಡಾಡೋದಿಲ್ಲ ಮೇಡಂ. ಮರದಿಂದ ಬಿದ್ದವನು. ಇಲ್ಲಿ ಯಾರಿಗೂ ಹೇಳಿಲ್ಲ."

ನಾನು ಆಗಲೇ ಎದ್ದು ಹೋಗಬೇಕಿತ್ತು. ಬದಲಿಗೆ ಬರೆದೆ: "ಏಣಿ ಹಿಡಿದವರು ಇರಲಿಲ್ವಾ?"

"ತಂಗಿ ಹಿಡಿದಿದ್ದಳು. ಬಿಟ್ಟು ಹೋಗಿದ್ದಳು."

"ಅವರ ಮೇಲೆ ಕೋಪ ಇದೆಯಾ?"

ಮಳೆಯ ಸದ್ದು ಎರಡೂ ಕಡೆಯಿಂದ ಕೇಳುತ್ತಿತ್ತು. ಅವನು ಹೇಳಿದ: "ಮೊದಲು ಇತ್ತು. ಈಗ ಸುಸ್ತು. ಅವಳು ದಿನಾ ತಟ್ಟೆ ಹಿಡ್ಕೊಂಡು ಬಂದು ಅಪರಾಧಿ ಥರ ನಿಲ್ತಾಳೆ. ನಾನು ಬಾಯಿ ತೆರೆದರೆ ಅಳೋಕೆ ಶುರು. ಸಮಾಧಾನ ನಾನೇ ಹೇಳಬೇಕು. ನನ್ನ ಕಾಲು ಹೋಯ್ತು ಮೇಡಂ, ಅದರ ಮೇಲೆ ಅವಳ ಅಳೂನೂ ನಾನೇ ಹೊರೋದಾದರೆ ಹೇಗೆ? ಅದಕ್ಕೆ ಮಾತೇ ಬೇಡ ಅಂತ ಬಿಟ್ಟೆ."

ಅಂದು ಮಧ್ಯಾಹ್ನ ಊಟ ಕೊಡಲು ಹೋದಾಗ ನಾನು ಅಳಲಿಲ್ಲ. ತಟ್ಟೆ ಇಟ್ಟು, "ಮೀನು ಉಪ್ಪಾಗಿದೆ, ಮೊಸರು ಕಲಸಿಕೋ," ಎಂದು ಹೊರಟುಬಿಟ್ಟೆ. ಮರುದಿನ ಸೊಸೈಟಿಯಲ್ಲಿ ಒಬ್ಬ ಹಾಲಿಗೆ ನೀರು ಬೆರೆಸಿ ಸಿಕ್ಕಿಬಿದ್ದ ಕಥೆ ಹೇಳಿದೆ. ನಾಲ್ಕನೆಯ ದಿನ ಅವನು, "ಆಮೇಲೆ ಅವನು ಏನಂದ?" ಎಂದು ಕೇಳಿದ. ಅಷ್ಟು ಉದ್ದದ ಮಾತು! ಅವ್ವ ಅಡಿಗೆಮನೆಯಿಂದ ಇಣುಕಿ ನೋಡಿದಳು. ನನಗೆ ಸಂತೋಷವಾಗಬೇಕಿತ್ತು. ಆದರೆ ಬೇರೆಯವರ ಬೀರುವಿನಿಂದ ಕದ್ದ ಸೀರೆ ಉಟ್ಟುಕೊಂಡು ಅವರ ಮುಂದೆಯೇ ಓಡಾಡಿದ ಹಾಗಿತ್ತು. ಕೆಳಗಿನ ಮನೆಯ ಲ್ಯಾಪ್‌ಟಾಪಿನಲ್ಲಿ ಅವನು ಪನಮರದ ಮೇಡಂಗೆ ಹೇಳುತ್ತಿದ್ದ: "ತಂಗಿ ಯಾಕೋ ಈಗ ಸ್ವಲ್ಪ ಗೆಲುವಾಗಿದ್ದಾಳೆ." ಏನೂ ಗೊತ್ತಿಲ್ಲದವಳಂತೆ ನಾನು, "ಒಳ್ಳೆಯದಾಯ್ತು ಸಾರ್," ಎನ್ನುತ್ತಿದ್ದೆ.

ಹೇಳಿಬಿಡಬೇಕು ಎಂದು ದಿನಾ ಅಂದುಕೊಳ್ಳುತ್ತಿದ್ದೆ. ಹೇಳಿದರೆ ಇದೂ ಹೋಗುತ್ತದೆ ಎಂದು ದಿನಾ ಮುಂದಕ್ಕೆ ಹಾಕುತ್ತಿದ್ದೆ. ಅಷ್ಟರಲ್ಲಿ ಅವನು ನನಗೆ ಹೊಸದೊಂದು ಕೆಲಸ ಹಚ್ಚಿದ. ಹೊಸಬರಿಗೆಂದು ಕನ್ನಡದಲ್ಲಿ ಒಂದು ಪುಟ ಬರೆದುಕೊಡಬೇಕಂತೆ. "ನೀವು ಈಗಷ್ಟೇ ಕಲಿತವರು, ಎಲ್ಲೆಲ್ಲಿ ಎಡವುತ್ತಾರೆ ಅನ್ನೋದು ನಿಮಗೇ ಚೆನ್ನಾಗಿ ಗೊತ್ತು." ಬರೆಯತೊಡಗಿದೆ. ಸಣ್ಣ ಹಡಗಿನಲ್ಲೇ ಹೊರಡಿ. ಪಟ್ಟಿಯಲ್ಲಿ ಗೊತ್ತಿಲ್ಲದ ಹೆಸರು ಕಂಡರೆ ಕೆಲಸ ಬಿಟ್ಟು ಮೊದಲು ಜಾಗ ಖಾಲಿ ಮಾಡಿ. ಒಂದು ನಕ್ಷತ್ರದಿಂದ ಇನ್ನೊಂದಕ್ಕೆ ದಾಟುವ ಗೇಟಿನ ಹತ್ತಿರ ಸುಮ್ಮನೆ ನಿಲ್ಲಬೇಡಿ. ಎದ್ದು ಹೋಗುವುದಾದರೆ, ಎರಡೇ ನಿಮಿಷಕ್ಕಾದರೂ, ಹಡಗನ್ನು ನಿಲ್ದಾಣದೊಳಗೆ ಸೇರಿಸಿ ಹೋಗಿ.

ಕೊನೆಯ ಸಾಲು ಬರೆದವಳು ನಾನೇ. ಆದರೂ ಜುಲೈನಲ್ಲಿ ಒಂದು ದಿನ ಆಟದ ಮಧ್ಯೆ ಗಡಿಯಾರ ನೋಡಿದರೆ ಒಂದು ದಾಟಿತ್ತು. ಅಣ್ಣನ ಊಟಕ್ಕೆ ತಡವಾಯಿತೆಂದು ಎದ್ದು, ಅನ್ನ ಸಾರು ಬಡಿಸಿಕೊಂಡು, ಕೊಡೆ ಹಿಡಿದು ಮೇಲೆ ಹೋದೆ. ನನ್ನ ಹಡಗು ಗೇಟಿನ ಬಳಿ ಹಾಗೆಯೇ ನಿಂತಿತ್ತು. ಸಣ್ಣದಲ್ಲ, ಎರಡು ತಿಂಗಳು ಕಲ್ಲು ಅಗೆದು ಮಾಡಿಕೊಂಡ ದೊಡ್ಡ ಹಡಗು.

ಕೋಣೆಗೆ ಹೋದಾಗ ಅಣ್ಣ ಮೈಕಿನಲ್ಲಿ ಕೂಗಾಡುತ್ತಿದ್ದ. "ಮೇಡಂ, ಓಡಿ! ಮೇಡಂ, ಕೇಳ್ತಿದೆಯಾ? ಮೂವರು ಬಂದ್ರು, ಓಡಿ!" ಅವನ ಪರದೆಯ ಮೇಲೆ ನನ್ನ ಹಡಗಿನ ಸುತ್ತ ಮೂರು ಕೆಂಪು ಚುಕ್ಕೆ ಸುತ್ತುತ್ತಿದ್ದವು.

"ಅಯ್ಯೋ, ನನ್ನ ಹಡಗು!" ಎಂದೆ.

ತಟ್ಟೆ ಬಿದ್ದಿತು ಅನ್ನುವುದಕ್ಕೂ ಇಲ್ಲ, ಗಟ್ಟಿಯಾಗಿ ಹಿಡಿದೇ ಇದ್ದೆ. ಅಣ್ಣ ನಿಧಾನವಾಗಿ ಕುರ್ಚಿ ತಿರುಗಿಸಿದ. ಹೆಡ್‌ಫೋನ್ ತೆಗೆದು ಮಡಿಲಲ್ಲಿ ಇಟ್ಟುಕೊಂಡ. ನನ್ನನ್ನು ನೋಡಿದ, ಪರದೆ ನೋಡಿದ. ಅಷ್ಟರಲ್ಲಿ ಹಡಗು ಒಡೆದುಹೋಗಿತ್ತು.

"ಪನಮರಂ," ಎಂದ.

ನಾನು ತಲೆಯಾಡಿಸಿದೆ.

"ಹೊರಗೆ ಹೋಗು."

ಮನೆಗೆ ಬಂದು ನೋಡಿದರೆ ಗುಂಪಿನಿಂದ ನನ್ನನ್ನು ತೆಗೆದುಹಾಕಿದ್ದ. ಮೂರು ದಿನ ಊಟವನ್ನು ಅವ್ವನ ಕೈಯಲ್ಲೇ ಕೊಟ್ಟೆ. ಅವ್ವ, "ಏನಾಯ್ತೇ? ಮತ್ತೆ ಯಾಕೆ ಹಿಂಗೆ?" ಎಂದು ಕೇಳಿದರೆ ಏನೂ ಇಲ್ಲವೆಂದೆ. ನಾಲ್ಕನೆಯ ದಿನ ಅವ್ವ ರೇಷನ್ ಅಂಗಡಿಗೆ ಹೋದ ಹೊತ್ತಿಗೆ ಅಣ್ಣನೇ ಕಿಟಕಿಯಿಂದ ಕೂಗಿದ. ಹೋದೆ.

"ಅಲ್ಲಿ ನಾನು ಬಿದ್ದವನಲ್ಲ ಕಣೆ," ಎಂದು ಕೂಗಾಡಿದ. ಕುತ್ತಿಗೆಯ ನರ ಉಬ್ಬಿತ್ತು. "ಅಲ್ಲಿ ಯಾರೂ ನನ್ನ ಕಾಲು ನೋಡಲ್ಲ. ಇಡೀ ಮನೆ ನಿಮ್ಮದು, ತೋಟ ನಿಮ್ಮದು, ರಸ್ತೆ ನಿಮ್ಮದು. ನನಗೆ ಇದ್ದದ್ದು ಅದೊಂದು ಜಾಗ. ಅಲ್ಲಿಗೂ ಬಂದ್ಯಾ?"

"ಇನ್ನೆಲ್ಲಿ ಬರಲಿ?" ಎಂದು ನಾನೂ ಕೂಗಿದೆ. "ಮೂರು ವರ್ಷ ನನ್ನ ಮುಖ ನೋಡಿದ್ಯಾ ನೀನು? ಮುಖಾನೇ ನೋಡಿಲ್ಲದ ಹೆಂಗಸಿಗೆ ಹೇಳಿದ್ದನ್ನ ನನಗೆ ಹೇಳೋಕಾಗ್ತಿರಲಿಲ್ವಾ?"

"ನೀನು ನಿಜ ಹೇಳಿದ್ದರೆ ನಾನೂ ಹೇಳ್ತಿದ್ದೆ."

ಆಮೇಲೆ ದನಿ ತಗ್ಗಿಸಿ ಹೇಳಿದ: "ಮರದ ಮೇಲಿಂದ ಎಲ್ಲಾ ಕಾಣ್ತದೆ. ನೀನು ಕಾಫಿ ಗಿಡದ ಹಿಂದೆ ಫೋನ್ ಹಿಡ್ಕೊಂಡು ನಗ್ತಿದ್ದೆ. ನಿನ್ನ ಕಡೆ ತಿರುಗಿ ಕರೆಯೋಕೆ ಹೋದೆ, ಕಾಲು ಜಾರ್ತು. ಅವ್ವ ಕೂಗಲೇ ಇಲ್ಲ. ಅವಳು ತಾನು ಕೂಗಿದ್ದಕ್ಕೇ ಹಿಂಗಾಯ್ತು ಅಂತ ನನ್ನ ಕಾಲಿಗೆ ಎಣ್ಣೆ ಹಚ್ಚುವಾಗೆಲ್ಲ ಹೇಳ್ತಾಳೆ. ನೀನು ಹೇಳ್ತೀಯ ಅಂತ ಕಾದೆ."

ನಾನು ಕೂತುಬಿಟ್ಟೆ. ಅತ್ತರೆ ಅವನೇ ಹೊರಬೇಕು ಎಂಬುದು ನೆನಪಾಗಿ ಬಾಯಿ ಬಿಗಿಹಿಡಿದೆ.

"ನೀನ್ಯಾಕೆ ಅವ್ವನಿಗೆ ಹೇಳಲಿಲ್ಲ?" ಎಂದೆ ಕೊನೆಗೆ.

"ನಾನ್ಯಾಕೆ ಹೇಳಲಿ? ನನ್ನ ತಪ್ಪಾ ಅದು?"

ಅದೇ ಸಂಜೆ, ಹಾಲು ಅಳೆದು ಬಂದವಳು ನೇರ ಮೇಲಿನ ಮನೆಗೆ ಹೋದೆ. ಅವ್ವ ಜಗಲಿಯಲ್ಲಿ ಕೂತು ಹಲಸಿನ ಬೀಜದ ಸಿಪ್ಪೆ ಸುಲಿಯುತ್ತಿದ್ದಳು. ಎದುರಿಗೆ ಕೂತು ಹೇಳಿದೆ. ಫೋನ್ ಬಂದದ್ದು, ನಾನು ಹೋದದ್ದು, ಆಸ್ಪತ್ರೆಯಲ್ಲಿ ಸುಳ್ಳು ಹೇಳಿದ್ದು. ಆಟದ ವಿಷಯ ಹೇಳಲಿಲ್ಲ, ಅದು ಅವಳಿಗೆ ಬೇಕಾಗಿಯೂ ಇರಲಿಲ್ಲ.

"ನಾನು ಕೂಗಲಿಲ್ವಾ?" ಎಂದು ಕೇಳಿದಳು.

"ಇಲ್ಲ ಅವ್ವ."

"ಒಂದು ಸಲಾನೂ?"

"ಇಲ್ಲ."

ಅವ್ವ ಮತ್ತೆ ಮೊರದಲ್ಲಿದ್ದ ಬೀಜ ಸುಲಿಯತೊಡಗಿದಳು. ನಾನು ಸಹಾಯಕ್ಕೆ ಕೈ ಹಾಕಿದಾಗ ಮೊರವನ್ನು ತನ್ನ ಕಡೆಗೆ ಎಳೆದುಕೊಂಡಳು. ಬೈಯುತ್ತಾಳೆಂದು ಕಾದೆ. ಬೈದಿದ್ದರೆ ಎಷ್ಟೋ ಹಗುರವಾಗುತ್ತಿತ್ತು. ಎರಡು ದಿನ ಬಿಟ್ಟು ಸಣ್ಣ ಚೀಲದಲ್ಲಿ ನಾಲ್ಕು ಸೀರೆ ಹಾಕಿಕೊಂಡು ನಿಂತಳು. ಗುಂಡ್ಲುಪೇಟೆಯ ಹತ್ತಿರ ಅವಳ ತಂಗಿಯ ಮನೆಯಿದೆ, ಅಲ್ಲಿಗೆ ಹೋಗುತ್ತಾಳಂತೆ.

"ಯಾವಾಗ ಬರ್ತೀಯ ಅವ್ವ?"

"ಮೂರು ವರ್ಷ ಅವನ ಮುಖ ನೋಡೋವಾಗೆಲ್ಲ ಹೊಟ್ಟೇಲಿ ಬೆಂಕಿ ಇಟ್ಕಂಡು ನೋಡಿದೀನಿ. ಈಗ ನೀನು ನೋಡ್ಕೋ," ಎಂದಳು. ನನ್ನ ಗಂಡನ ಬಸ್ಸಿನಲ್ಲೇ ಹೋಗಬಹುದಿತ್ತು. ಬೇಡವೆಂದು ಬೇರೆ ಬಸ್ಸು ಹತ್ತಿದಳು.

ಈಗ ನಾನು ಹಗಲೆಲ್ಲ ಮೇಲಿನ ಮನೆಯಲ್ಲೇ ಇರುತ್ತೇನೆ. ಅಣ್ಣ ಮಾತಾಡುತ್ತಾನೆ, ಹೆಚ್ಚಾಗಿ ಜಗಳವಾಡುತ್ತಾನೆ. ಸಾರಿಗೆ ಹುಳಿ ಹೆಚ್ಚಾಯಿತು, ಕುರ್ಚಿಯನ್ನು ಹಾಗೆ ಎತ್ತಬೇಡ, ಬತ್ತೇರಿಯ ಫಿಸಿಯೋಥೆರಪಿಗೆ ನಾನು ಬರುವುದಿಲ್ಲ ಎಂದು ಎಷ್ಟು ಸಲ ಹೇಳಬೇಕು. ನಾನೂ ಬಿಡುವುದಿಲ್ಲ. ಒಂದು ಸಲ ಬೈದಾಡಿಕೊಂಡೇ ಜೀಪು ಹತ್ತಿಸಿ ಕರೆದುಕೊಂಡು ಹೋದೆ, ದಾರಿಯುದ್ದಕ್ಕೂ ಕಿಟಕಿಯ ಕಡೆ ಮುಖ ಮಾಡಿ ಕೂತಿದ್ದ.

ಗುಂಪಿಗೆ ನನ್ನನ್ನು ವಾಪಸ್ಸು ಸೇರಿಸಲಿಲ್ಲ. ನಾನು ಕೇಳಲೂ ಇಲ್ಲ. ಆದರೆ ಹೊಸಬರಿಗೆಂದು ನಾನು ಬರೆದ ಪುಟವನ್ನು ಅವನು ಇನ್ನೂ ಕೊಡುತ್ತಿದ್ದಾನೆ. ಒಂದು ದಿನ ಬಾಗಿಲ ಬಳಿ ನಿಂತಿದ್ದಾಗ ಯಾರೋ ಹೊಸಬರು, ಇದನ್ನು ಬರೆದವರು ಯಾರು ಸಾರ್, ಎಂದು ಕೇಳಿದ್ದು ಸ್ಪೀಕರಿನಲ್ಲಿ ಕೇಳಿಸಿತು. ನಾನು ಅಲ್ಲಿರುವುದು ಅವನಿಗೆ ಗೊತ್ತಿತ್ತು. "ಮೊದಲು ನಮ್ಮಲ್ಲಿ ಇದ್ದವರು. ಈಗ ಇಲ್ಲ," ಎಂದ.

ಅವ್ವ ಹೋಗಿ ಐದು ವಾರವಾಯಿತು. ಪ್ರತಿ ಭಾನುವಾರ ಅಣ್ಣನಿಗೆ ಫೋನ್ ಮಾಡುತ್ತಾಳೆ. ಅವನು ಮಾತು ಮುಗಿಸಿ, ಕಟ್ ಮಾಡದೆ, ಫೋನನ್ನು ನನ್ನ ಕಡೆ ಚಾಚುತ್ತಾನೆ. ನಾನು ಕಿವಿಗಿಟ್ಟು "ಅವ್ವ" ಅನ್ನುವಷ್ಟರಲ್ಲಿ ಆ ಕಡೆ ಲೈನ್ ಕಟ್ಟಾಗಿರುತ್ತದೆ.